ಔಷಧ ಸೇವನೆಯ ಲೆಕ್ಕವಿಡುವ ಕಾಯಕ

ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಾವು ನಂಬಿಕೆಯಿಂದ ಸೇವಿಸುತ್ತೇವೆ. ಆ ನಂಬಿಕೆಗೆ ಆಧಾರವೂ ಇದೆ. ಮಾರುಕಟ್ಟೆಗೆ ಬರುವ ಮುನ್ನ ಹೊಸ ಔಷಧವು ಹಂತ ಹಂತವಾಗಿ ಪರೀಕ್ಷೆಗೆ ಒಳಗಾಗುತ್ತದೆ. ಆದರೆ ಅಂತಹ ಪರೀಕ್ಷೆಗಳಲ್ಲಿ ಪಾಲ್ಗೊಳ್ಳುವವರು ಸಾಮಾನ್ಯವಾಗಿ ಕೆಲವು ಸಾವಿರ ಮಂದಿ ಮಾತ್ರ. ಗರ್ಭಿಣಿಯರು, ತೀರ ವಯಸ್ಸಾದವರು, ಮೂರು ನಾಲ್ಕು ಕಾಯಿಲೆಗಳಿಗೆ ಏಕಕಾಲದಲ್ಲಿ ಔಷಧ ಸೇವಿಸುವವರು ಅವರಲ್ಲಿ ವಿರಳ. ಹತ್ತು ಸಾವಿರಕ್ಕೊಬ್ಬರಲ್ಲಿ ತಲೆದೋರುವ ದುಷ್ಪರಿಣಾಮವು ಮೂರು ಸಾವಿರ ಜನರ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳದೆ ಹೋಗಬಹುದು. ಔಷಧವು ಮನೆಮನೆಗೆ ತಲುಪಿದ ಮೇಲೆಯೇ ಅದರ ಪೂರ್ಣ ಸ್ವರೂಪ ತಿಳಿಯುತ್ತದೆ. ಹೀಗೆ ತಿಳಿಯುವ ಕೆಲಸಕ್ಕೆಂದೇ ಇಂದು ವಿಶ್ವವಿದ್ಯಾಲಯಗಳಲ್ಲಿ ಸಂಶೋಧಕರಿದ್ದಾರೆ. ಅವರು ರೋಗಿಯನ್ನು ಮುಟ್ಟುವುದಿಲ್ಲ, ನಾಡಿ ನೋಡುವುದಿಲ್ಲ. ಲಕ್ಷಾಂತರ ರೋಗಿಗಳ ದಾಖಲೆಗಳನ್ನು ಓದುತ್ತಾರೆ.

ಪಾಠ ಕಲಿಸಿದ ಎರಡು ಔಷಧಗಳು

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರಾಟಕ್ಕೆ ಬಂದಿತು. ಬಸುರಿಯರ ವಾಕರಿಕೆಗೂ ಅದನ್ನು ಕೊಡಲಾಯಿತು. ಕೈಕಾಲುಗಳು ಬೆಳೆಯದ ಶಿಶುಗಳು ಒಂದರ ಹಿಂದೊಂದು ಜನಿಸತೊಡಗಿದಾಗ ಜರ್ಮನಿಯ ವಿಡುಕಿಂಡ್ ಲೆಂಜ್ ಮತ್ತು ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಎಂಬ ವೈದ್ಯರು ಕಾರಣವನ್ನು ಗುರುತಿಸಿದರು. 1961ರ ಕೊನೆಗೆ ಜರ್ಮನಿಯಲ್ಲಿ ಮಾತ್ರೆಯನ್ನು ಹಿಂಪಡೆಯುವಷ್ಟರಲ್ಲಿ ಜಗತ್ತಿನಾದ್ಯಂತ ಸಾವಿರಾರು ಮಕ್ಕಳು ಅದಕ್ಕೆ ಬಲಿಯಾಗಿದ್ದರು. ಈ ದುರಂತದ ಬಳಿಕ, 1964ರಲ್ಲಿ, ವೈದ್ಯರು ಔಷಧದ ದುಷ್ಪರಿಣಾಮಗಳನ್ನು ಬರೆದು ಕಳುಹಿಸುವ ಹಳದಿ ಕಾರ್ಡಿನ ಪದ್ಧತಿ ಬ್ರಿಟನ್ನಿನಲ್ಲಿ ಆರಂಭವಾಯಿತು.

ಥಾಲಿಡೊಮೈಡ್ ಮಾಡಿದ ಹಾನಿ ಅಪರೂಪದ್ದಾದ್ದರಿಂದ ಜಾಗೃತ ವೈದ್ಯರ ಕಣ್ಣಿಗೆ ಬಿದ್ದಿತು. ಹಾನಿಯು ಹೃದಯಾಘಾತದಂತೆ ಎಲ್ಲೆಡೆ ಕಾಣುವ ರೋಗವೇ ಆದರೆ? 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವಯಾಕ್ಸ್ ಎಂಬ ಕೀಲುನೋವಿನ ಮಾತ್ರೆಯ ಕಥೆ ಇದೇ. ವಯಸ್ಸಾದವರೊಬ್ಬರಿಗೆ ಹೃದಯಾಘಾತವಾದರೆ ಮಾತ್ರೆಯನ್ನು ಸಂಶಯಿಸುವವರು ಯಾರು? 2004ರಲ್ಲಿ ಕಂಪನಿಯೇ ಅದನ್ನು ಹಿಂಪಡೆಯಿತು. ಕ್ಯಾಲಿಫೋರ್ನಿಯದ ಆರೋಗ್ಯ ಸಂಸ್ಥೆಯೊಂದರಲ್ಲಿ ನೋವುನಿವಾರಕ ಸೇವಿಸಿದ್ದ ಸುಮಾರು 14 ಲಕ್ಷ ಜನರ ದಾಖಲೆಗಳನ್ನು ಡೇವಿಡ್ ಗ್ರಹಾಂ ಮತ್ತು ಸಂಗಡಿಗರು ಪರಿಶೀಲಿಸಿ, ಹೃದಯಕ್ಕೆ ಒದಗುವ ಅಪಾಯವು ಆ ಮಾತ್ರೆಯಿಂದ ಹೆಚ್ಚುತ್ತದೆಂದು 2005ರಲ್ಲಿ ಪ್ರಕಟಿಸಿದರು. ಒಬ್ಬ ವೈದ್ಯನಿಗೆ ಕಾಣದ ಸಂಗತಿ ಲಕ್ಷಾಂತರ ಜನರ ಲೆಕ್ಕದಲ್ಲಿ ಕಂಡಿತು.

ಲೆಕ್ಕವೂ ತಪ್ಪುದಾರಿ ಹಿಡಿಸಬಲ್ಲದು

ಈ ಕೆಲಸ ಕೇವಲ ಕೂಡಿಸಿ ಕಳೆಯುವುದಲ್ಲ. ಮುಟ್ಟು ನಿಂತ ಮಹಿಳೆಯರು ಹಾರ್ಮೋನ್ ಮಾತ್ರೆ ಸೇವಿಸಿದರೆ ಹೃದಯಕ್ಕೆ ಒಳಿತೆಂದು ಅಮೆರಿಕದ ದಾದಿಯರ ದೀರ್ಘ ಅಧ್ಯಯನ ಸೂಚಿಸಿತ್ತು. 2002ರಲ್ಲಿ, 16 ಸಾವಿರಕ್ಕೂ ಹೆಚ್ಚು ಮಹಿಳೆಯರ ನೇರ ಪರೀಕ್ಷೆಯಲ್ಲಿ ಸಂಯುಕ್ತ ಹಾರ್ಮೋನ್ ಮಾತ್ರೆಯಿಂದ ಹೃದ್ರೋಗ, ಪಾರ್ಶ್ವವಾಯು ಮತ್ತು ಸ್ತನ ಕ್ಯಾನ್ಸರ್ ಹೆಚ್ಚಾದುದು ಕಂಡುಬಂದು, ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಈ ವ್ಯತ್ಯಾಸಕ್ಕೆ ತಜ್ಞರು ಕೊಟ್ಟ ಕಾರಣಗಳಲ್ಲೊಂದು ಗಮನಾರ್ಹ. ತಾವಾಗಿ ಮಾತ್ರೆ ಸೇವಿಸುತ್ತಿದ್ದವರು ಮೊದಲೇ ಹೆಚ್ಚು ಆರೋಗ್ಯವಂತರೂ ಅನುಕೂಲಸ್ಥರೂ ಆಗಿದ್ದರು. ಅವರ ಬಾಳಿನ ಒಳಿತು ಮಾತ್ರೆಯ ಖಾತೆಗೆ ಜಮೆಯಾಗಿತ್ತು. ಆದ್ದರಿಂದ ಸಂಶೋಧಕನು ವಯಸ್ಸು, ಧೂಮಪಾನ, ಬಡತನ, ಇತರ ರೋಗಗಳು, ಮಾತ್ರೆ ಆರಂಭಿಸಿದ ದಿನ, ಪ್ರಮಾಣ ಇವೆಲ್ಲವನ್ನೂ ತೂಗಿ ನೋಡಿ, ಸಮಾನರನ್ನು ಸಮಾನರೊಡನೆ ಹೋಲಿಸಬೇಕಾಗುತ್ತದೆ. ಅವನ ವೇಳೆಯ ಬಹುಪಾಲು ವ್ಯಯವಾಗುವುದು ಇದರಲ್ಲಿಯೇ.

ಗುಟ್ಟು ಕಾಯುವ ಹೊಣೆ

ನಮ್ಮ ರೋಗದ ವಿವರ ಪರರ ಕೈಸೇರಿದರೆ ಹೇಗೆಂಬ ಅಳುಕು ಸಹಜವಾದುದು. ಬ್ರಿಟನ್ನಿನಲ್ಲಿ 1987ರಿಂದ ಸಂಗ್ರಹವಾಗುತ್ತಿರುವ ಕುಟುಂಬ ವೈದ್ಯರ ದಾಖಲೆಗಳು ಸಂಶೋಧಕರಿಗೆ ದೊರೆಯುವುದು ಹೆಸರು, ವಿಳಾಸಗಳನ್ನು ತೆಗೆದ ಮೇಲೆಯೇ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬೆನ್ ಗೋಲ್ಡೇಕರ್ ಮತ್ತು ಸಹೋದ್ಯೋಗಿಗಳು ಓಪನ್‌ಸೇಫ್ಲಿ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಅದರಲ್ಲಿ ದಾಖಲೆಗಳು ಇದ್ದಲ್ಲಿಯೇ ಭದ್ರವಾಗಿರುತ್ತವೆ. ಸಂಶೋಧಕನ ಪ್ರಶ್ನೆಯಷ್ಟೇ ಒಳಹೋಗಿ, ಒಟ್ಟು ಉತ್ತರ ಮಾತ್ರ ಹೊರಬರುತ್ತದೆ.

ನಮ್ಮ ನಾಡಿನಲ್ಲಿ ನಾವು

ನಮ್ಮಲ್ಲಿ ಚೀಟಿ ಒಬ್ಬ ವೈದ್ಯರದು, ಮಾತ್ರೆ ಇನ್ನೊಂದು ಅಂಗಡಿಯದು. ಚೀಟಿಯಿಲ್ಲದೆಯೇ ಔಷಧ ಕೊಳ್ಳುವ ರೂಢಿಯೂ ಇದೆ. ದಾಖಲೆಯಿಲ್ಲದ ಸೇವನೆಯಿಂದ ಯಾವ ವಿಶ್ವವಿದ್ಯಾಲಯವೂ ಪಾಠ ಕಲಿಯಲಾರದು. ಒಬ್ಬರು ಅನುಭವಿಸಿದ ಕೇಡು ಮತ್ತೊಬ್ಬರನ್ನು ಎಚ್ಚರಿಸದೆ ಮರೆಯಾಗುತ್ತದೆ. 2010ರಲ್ಲಿ ಕೇಂದ್ರ ಸರ್ಕಾರವು ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಸಮನ್ವಯ ಕೇಂದ್ರ ಈಗ ಗಾಜಿಯಾಬಾದಿನಲ್ಲಿದೆ. ಔಷಧದಿಂದ ತೊಂದರೆಯಾದರೆ ವೈದ್ಯರಷ್ಟೇ ಅಲ್ಲ, ರೋಗಿಯೂ ಮನೆಯವರೂ 1800-180-3024 ಎಂಬ ಶುಲ್ಕರಹಿತ ಸಂಖ್ಯೆಗೆ ಕೆಲಸದ ದಿನಗಳಲ್ಲಿ ಕರೆಮಾಡಿ ತಿಳಿಸಬಹುದು.

ಇನ್ನುಳಿದುದು ನಮ್ಮ ಕೈಯಲ್ಲಿಯೇ ಇದೆ. ಪ್ರತಿ ಮನೆಯಲ್ಲೂ ಒಂದು ಪುಸ್ತಕದಲ್ಲಿ ಔಷಧದ ಹೆಸರು, ಪ್ರಮಾಣ, ಆರಂಭಿಸಿದ ಮತ್ತು ನಿಲ್ಲಿಸಿದ ದಿನಾಂಕಗಳನ್ನು ಬರೆದಿಡೋಣ. ಹಿರಿಯರ ಮಾತ್ರೆಗಳನ್ನೆಲ್ಲ ವರ್ಷಕ್ಕೊಮ್ಮೆಯಾದರೂ ಒಂದೇ ಚೀಲದಲ್ಲಿ ವೈದ್ಯರ ಮುಂದಿಡೋಣ. ನಾಟಿ ಔಷಧ, ಕಷಾಯಗಳನ್ನೂ ಮುಚ್ಚಿಡದೆ ಹೇಳೋಣ. ಮಾತ್ರೆ ಆರಂಭಿಸಿದ ಮೇಲೆ ಗಂಧೆಯೆದ್ದರೆ, ಉಸಿರು ಕಟ್ಟಿದರೆ, ಮುಖ ಬಾತರೆ ಕೂಡಲೇ ಆಸ್ಪತ್ರೆಗೆ ಹೋಗೋಣ. ಆದರೆ ಇಂತಹ ಲೇಖನವೊಂದನ್ನು ಓದಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗಗಳ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸುವುದು ಸಲ್ಲದು. ಸಂಶಯ ಬಂದರೆ ವೈದ್ಯರನ್ನು ಕೇಳುವುದೇ ಸರಿಯಾದ ದಾರಿ.