ತಾತನ ಸೂಜಿಗೆ ಹೆದರಬೇಡಿ

ಮಕ್ಕಳೇ, ಜಠರದ ಹಿಂದೆ ಮೇದೋಜೀರಕ ಎಂಬ ಗ್ರಂಥಿ ಇದೆ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಅದನ್ನು ಜೀವಕೋಶಗಳ ಒಳಗೆ ಸೇರಿಸುವ ಇನ್ಸುಲಿನ್ ತಯಾರಾಗುವುದು ಅಲ್ಲೇ. ಟೈಪ್ 2 ಮಧುಮೇಹದಲ್ಲಿ ಮೊದಲು ದೇಹ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ; ವರ್ಷಗಳು ಕಳೆದಂತೆ ಗ್ರಂಥಿಯೂ ದಣಿಯುತ್ತದೆ. ಆಗ ಪಥ್ಯ, ವಾಕಿಂಗ್, ಮಾತ್ರೆ ಎಲ್ಲ ಇದ್ದರೂ ಸಕ್ಕರೆ ಇಳಿಯದೇ ಹೋಗಬಹುದು.

ನನಗೆ ಆದದ್ದು ಅದೇ. 18 ವರ್ಷ ಮಾತ್ರೆ ತಪ್ಪಿಸದೆ ನುಂಗಿದ್ದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಹೋದ ವರ್ಷ 10.4 ಬಂತು. ಡಾಕ್ಟರು ಇನ್ಸುಲಿನ್ ಎಂದರು. ‘ಅಯ್ಯೋ, ಸೂಜಿಗೆ ಬಂತೇ! ಅದು ಕೊನೇ ಘಟ್ಟ’ ಎಂದು ಪಕ್ಕದ ಮನೆಯವರು ಮರುಗಿದ್ದು ಮೊಮ್ಮಗಳ ಕಿವಿಗೆ ಬಿತ್ತು. ರಾತ್ರಿ ಅವಳು ತಟ್ಟೆ ಮುಟ್ಟಲಿಲ್ಲ.

ಅವಳಿಗೆ ಲಿಯೊನಾರ್ಡ್ ಥಾಂಪ್ಸನ್ನನ ಕಥೆ ಹೇಳಿದೆ. 1922ರ ಜನವರಿ, ಕೆನಡಾದ ಟೊರಾಂಟೊ. 14 ವರ್ಷದ ಆ ಹುಡುಗ ಟೈಪ್ 1 ಮಧುಮೇಹದಿಂದ ಸಾವಿನ ಅಂಚಿನಲ್ಲಿದ್ದ. ಅಲ್ಲಿ ಹೊಸದಾಗಿ ಕಂಡುಹಿಡಿದ ಇನ್ಸುಲಿನ್ ಪಡೆದು ಮತ್ತೆ 13 ವರ್ಷ ಬದುಕಿದ. ಅದನ್ನು ಕಂಡುಹಿಡಿದವರು ಪೇಟೆಂಟನ್ನು ತಲಾ 1 ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. (ಬ್ಯಾಂಕಿನಲ್ಲಿ 34 ವರ್ಷ ಕೂತರೂ ಇಂಥ ವಹಿವಾಟು ನಾನು ಕಂಡಿಲ್ಲ.) ಕಥೆ ಮುಗಿಯುವಷ್ಟರಲ್ಲಿ ಅವಳ ಎರಡು ಚಪಾತಿ ಖಾಲಿಯಾಗಿದ್ದವು.

ನನಗೆ ಬರೆದದ್ದು ಮಲಗುವ ಮುಂಚೆ 10 ಯೂನಿಟ್, ಜೊತೆಗೆ ಹಳೆಯ ಮಾತ್ರೆ. ಬೆಳಗಿನ ಬರಿಹೊಟ್ಟೆಯ ಸಕ್ಕರೆ 130 ದಾಟಿದ್ದರೆ ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಸಲು ಹೇಳಿದರು. 18 ಯೂನಿಟ್ಟಿಗೆ ಬಂದಾಗ 122 ಕಂಡಿತು, ಅಲ್ಲಿಗೇ ನಿಲ್ಲಿಸಿದರು. ಇದು ನನ್ನ ಲೆಕ್ಕ, ನಿಮ್ಮದನ್ನು ನಿಮ್ಮ ಡಾಕ್ಟರೇ ಬರೆಯಬೇಕು. ಹೊಟ್ಟೆಯ ಮೇಲೆ, ಹೊಕ್ಕಳಿನಿಂದ ದೂರದಲ್ಲಿ, ದಿನವೂ ಜಾಗ ಬದಲಿಸಿ ಚುಚ್ಚಿಕೊಳ್ಳುತ್ತೇನೆ. ಇರುವೆ ಕಚ್ಚಿದರೆ ಇದಕ್ಕಿಂತ ಜಾಸ್ತಿ ಉರಿಯುತ್ತದೆ!

ಹಿರಿಯರು ಕನ್ನಡಕ ಹಾಕಿಕೊಂಡೇ ನೋಡಬೇಕಾದ ವಿಷಯ ಒಂದಿದೆ. ನಮ್ಮಲ್ಲಿ ಇನ್ಸುಲಿನ್ ಸೀಸೆ ಎರಡು ಬಗೆ: ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. 40ರ ಸೀಸೆಗೆ 40ರ ಸಿರಿಂಜೇ ಆಗಬೇಕು. ಅದರ ಮುಚ್ಚಳ ಕೆಂಪು. 100ರದ್ದಕ್ಕೆ ಕಿತ್ತಳೆ ಬಣ್ಣ. 100ರ ಸೀಸೆಯಿಂದ 40ರ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್! ಚೆಕ್ಕಿನಲ್ಲಿ ಅಂಕಿ, ಅಕ್ಷರ ತಾಳೆಯಾಗದಿದ್ದರೆ ನಾವು ವಾಪಸ್ ಕಳಿಸುತ್ತಿದ್ದೆವು. ಮೆಡಿಕಲ್ ಶಾಪಿನಲ್ಲಿ ನೀವೂ ಹಾಗೇ ಮಾಡಿ. ಸೀಸೆಯ ಮೇಲಿನ ಸಣ್ಣ ಅಕ್ಷರ ಓದುವ ಕೆಲಸ ನಮ್ಮಲ್ಲಿ ಮೊಮ್ಮಗಳದು. ಸೀಸೆ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಿ ಬೇಡ.

ಮಕ್ಕಳೇ, ತಾತ, ಅಜ್ಜಿ ಬೆವರಿ, ನಡುಗಿ, ಏನೇನೋ ಮಾತಾಡಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ನುಂಗುವಷ್ಟು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿ.