ಒಂದೇ ಸಂಖ್ಯೆ, ಎರಡು ಬಾಗಿಲು

ಆಂಡರ್ಸನ್‌ಪೇಟೆಯ ಶಾಲೆಯೊಂದಕ್ಕೆ ಎರಡು ಕಟ್ಟಡಗಳಿವೆಯೆಂದು ಭಾವಿಸೋಣ. ಎರಡರಲ್ಲಿಯೂ ಕಚೇರಿಯ ಗಣಕಗಳುಂಟು, ಮಕ್ಕಳ ಗಣಕಗಳುಂಟು. ತಂತಿ ಮಾತ್ರ ಕಟ್ಟಡಕ್ಕೊಂದೇ. ಮಕ್ಕಳ ಕೈಗೆ ಅಂಕಪಟ್ಟಿ ಸಿಕ್ಕಬಾರದಷ್ಟೆ! ಇದಕ್ಕೆ ಉಪಾಯವೇ ವಿಲ್ಯಾನ್. 1998ರ 802.1ಕ್ಯೂ ನಿಯಮದಂತೆ ಪ್ರತಿ ಮಾಹಿತಿಯ ಕಂತೆಗೂ 4 ಬೈಟಿನ ಚೀಟಿ ಸೇರುತ್ತದೆ. ಅದರಲ್ಲಿ 12 ಬಿಟ್‌ಗಳು ಗುಂಪಿನ ಸಂಖ್ಯೆಗೆ ಮೀಸಲು. ಬಳಕೆಗೆ ಒದಗುವ ಸಂಖ್ಯೆಗಳು 4094.

ಸ್ವಿಚ್ಚಿನ ಎರಡು ಪೋರ್ಟುಗಳಿಗೆ 10 ಎಂಬ ಸಂಖ್ಯೆಯಿತ್ತರೆ ಅವು ಒಂದೇ ಗುಂಪಾಗುತ್ತವೆ. ಜಾಲದ ಕಾವಲುಗಾರನಾದ ಫೈರ್‌ವಾಲ್‌ನಲ್ಲಿ ಸಾಮಾನ್ಯವಾಗಿ ಹಾಗಲ್ಲ. ಅಲ್ಲಿ ಒಂದೊಂದು ಪೋರ್ಟೂ ಬೇರೊಂದು ಜಾಲದ ಹೆಬ್ಬಾಗಿಲು. ಎರಡರಲ್ಲಿಯೂ 10 ಎಂದು ಬರೆದ ಮಾತ್ರಕ್ಕೆ ಕಟ್ಟಡಗಳೆರಡೂ ಕೂಡವು. ಅವನ್ನು 'ಬ್ರಿಡ್ಜ್' ಎಂಬ ಸೇತುವೆಯಿಂದ ಬೆಸೆದು, ಐಪಿ ವಿಳಾಸವನ್ನು ಸೇತುವೆಗೇ ಕೊಡಬೇಕು. ಆದರೆ ಸೇತುವೆ ದಾಟುವ ಕಂತೆಗಳನ್ನು ಕೆಲವು ಫೈರ್‌ವಾಲ್‌ಗಳು ತಪಾಸಣೆಯಿಲ್ಲದೆ ಬಿಟ್ಟುಬಿಡುತ್ತವೆ. ಎರಡು ತಂತಿಗಳನ್ನೂ ಒಂದು ಸ್ವಿಚ್ಚಿಗೆ ತಂದು, ಅಲ್ಲಿಂದ ಫೈರ್‌ವಾಲ್‌ಗೆ ಒಂದೇ 'ಟ್ರಂಕ್' ತಂತಿಯನ್ನು ಎಳೆಯುವುದೇ ಲೇಸೆಂದು ನಮಗೆ ತೋರುತ್ತದೆ.