ನಿಮಗಿದು ಗೊತ್ತೇ? ನಮ್ಮೂರ ಸರ್ಕಾರಿ ಶಾಲೆಯ ಸಂಗತಿಗಳು

ನಮ್ಮಲ್ಲಿ ಬಹಳಷ್ಟು ಮಂದಿ ಅ ಆ ಇ ಈ ತಿದ್ದಿದ್ದು ಸರ್ಕಾರಿ ಶಾಲೆಯಲ್ಲೇ. ರಾಜ್ಯದಲ್ಲಿ ಇಂದಿಗೂ ಇಂಥ ಶಾಲೆಗಳು 40 ಸಾವಿರಕ್ಕೂ ಹೆಚ್ಚಿವೆ. ಅಲ್ಲಿ ಮಗುವಿನ ಕೈಗೆ ಬರುವ ಮೊಟ್ಟೆ, ಪುಸ್ತಕ, ಕಲಿಕೆಯ ಕಾರ್ಡು, ಒಂದೊಂದರ ಹಿಂದೆಯೂ ಒಂದು ಸರ್ಕಾರಿ ಆದೇಶವಿದೆ. ಆ ಆದೇಶದ ಹಿಂದೆ ಯಾರದೋ ಹಟವಿದೆ.

1. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದು, ಆಯ್ದ ಪ್ರದೇಶಗಳಲ್ಲಿ ಮಕ್ಕಳು ಶಾಲೆಗೆ ಬರುವುದನ್ನು ಕಡ್ಡಾಯ ಮಾಡಿತ್ತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಇಡೀ ದೇಶಕ್ಕೆ ಅನ್ವಯಿಸುವ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ನಡುವೆ 97 ವರ್ಷ!

2. ಶಿಕ್ಷಣ ಮೊದಲು ಬಹುಮಟ್ಟಿಗೆ ರಾಜ್ಯಗಳ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. ಶಿಕ್ಷಣ ನೀತಿ ಕೇಂದ್ರದ್ದೋ ರಾಜ್ಯದ್ದೋ ಎಂಬ ಇಂದಿನ ಜಗ್ಗಾಟದ ಬೇರು ಇಲ್ಲಿದೆ.

3. ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಮರುವರ್ಷವೇ ನಮ್ಮಲ್ಲಿ ‘ಅಕ್ಷರ ದಾಸೋಹ’ ಶುರುವಾಯಿತು. ಮೊದಲ ಒಲೆ ಹೊತ್ತಿದ್ದು ಶಿಕ್ಷಣದಲ್ಲಿ ಹಿಂದುಳಿದಿದ್ದ ಉತ್ತರದ ಏಳು ಜಿಲ್ಲೆಗಳಲ್ಲಿ. ಉಳಿದ ಜಿಲ್ಲೆಗಳಿಗೆ ಬಿಸಿಯೂಟ ಬಂದದ್ದು 2003ರಲ್ಲಿ. ಅಗತ್ಯ ಹೆಚ್ಚಿರುವಲ್ಲಿ ಮೊದಲು ಬಡಿಸುವುದು ಎಂಥ ಒಳ್ಳೆಯ ಪಾಠ!

4. ಮೊಟ್ಟೆಯೂ ಅದೇ ದಾರಿ ಹಿಡಿಯಿತು. ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕ ಭಾಗ ಮತ್ತು ವಿಜಯಪುರದಲ್ಲಿ 2021ರ ಡಿಸೆಂಬರ್‌ನಲ್ಲಿ ಆರಂಭವಾಗಿ, ಬಳಿಕ ಇಡೀ ರಾಜ್ಯಕ್ಕೆ ಹಬ್ಬಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2024ರಲ್ಲಿ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ.

5. 2013ರ ಆಗಸ್ಟ್ 1ರಂದು ಆರಂಭವಾದ ‘ಕ್ಷೀರಭಾಗ್ಯ’ದಲ್ಲಿ ಮಗುವಿಗೆ 150 ಮಿ.ಲೀ. ಹಾಲು. ಕೆಎಂಎಫ್‌ನಲ್ಲಿ ಹೆಚ್ಚುವರಿಯಾಗಿ ಉಳಿಯುತ್ತಿದ್ದ ಹಾಲು ಪುಡಿಯಾಗಿ ಶಾಲೆ ಸೇರಿತು. ಹಸು ಕಟ್ಟಿದ ರೈತನಿಗೂ ಲಾಭ, ಅವನ ಮಗಳಿಗೂ ಲಾಭ.

6. 2006-07ರಲ್ಲಿ ಬಂದ ಉಚಿತ ಸೈಕಲ್ 8ನೇ ತರಗತಿಯವರಿಗೇ ಸಿಗುತ್ತಿದ್ದುದು ಯಾಕೆ? ನಮ್ಮಲ್ಲಿ ಎಷ್ಟೋ ಹಳ್ಳಿಗಳ ಶಾಲೆ 7ನೇ ತರಗತಿಗೆ ಮುಗಿಯುತ್ತದೆ. ಹೈಸ್ಕೂಲು ಇರುವುದು ಪಕ್ಕದೂರಿನಲ್ಲಿ. ಆ ನಾಲ್ಕೈದು ಕಿಲೋಮೀಟರ್ ದಾರಿಯಲ್ಲೇ ಎಷ್ಟೋ ಹೆಣ್ಣುಮಕ್ಕಳ ಓದು ನಿಂತುಹೋಗುತ್ತಿತ್ತು.

7. ‘ನಲಿ-ಕಲಿ’ ಹುಟ್ಟಿದ್ದು ವಿಧಾನಸೌಧದಲ್ಲಲ್ಲ, ಎಚ್.ಡಿ. ಕೋಟೆಯಲ್ಲಿ! 1995ರ ಹೊತ್ತಿಗೆ ಆ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ಕಣ್ಣಾರೆ ನೋಡಿ ಬಂದರು. ಯುನಿಸೆಫ್ ನೆರವಾಯಿತು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಕೂತಿರುವಾಗ ಒಬ್ಬರೇ ಶಿಕ್ಷಕರು ಹೇಗೆ ಕಲಿಸಬೇಕು? ಅವರು ಪಾಠವನ್ನು ಸಣ್ಣಸಣ್ಣ ಮೈಲಿಗಲ್ಲುಗಳಾಗಿ ಒಡೆದರು, ಒಂದೊಂದಕ್ಕೂ ಚಿತ್ರದ ಕಾರ್ಡು ಮಾಡಿದರು, ಗೋಡೆಗೆ ಕಲಿಕೆಯ ಏಣಿ ತೂಗುಹಾಕಿದರು. ಮಗು ತನ್ನ ವೇಗದಲ್ಲಿ ಮೆಟ್ಟಿಲೇರುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದ್ದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಅದು ವಿಸ್ತರಿಸಿತು. ಮೇಷ್ಟ್ರು ಕಟ್ಟಿದ್ದು ರಾಜ್ಯದ ನೀತಿಯಾಯಿತು.

8. ಶಿಕ್ಷಣಕ್ಕೆಂದೇ ಭಾರತ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ‘ಎಜುಸ್ಯಾಟ್’ ಉಪಗ್ರಹದ ಪಾಠಗಳು ಮೊದಮೊದಲು ತಲುಪಿದ ಪ್ರಾಥಮಿಕ ಶಾಲೆಗಳಲ್ಲಿ ನಮ್ಮ ಚಾಮರಾಜನಗರದ ಹಳ್ಳಿ ಶಾಲೆಗಳೂ ಇದ್ದವು.

9. ಶಾಲೆಯಲ್ಲಿ ಹತ್ತೇ ಮಕ್ಕಳಿದ್ದರೂ 1ರಿಂದ 5ನೇ ತರಗತಿಗೆ ಇಬ್ಬರು ಶಿಕ್ಷಕರಿರಬೇಕು. 60 ಮಕ್ಕಳವರೆಗೆ ಇಬ್ಬರು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. ಏಕೋಪಾಧ್ಯಾಯ ಶಾಲೆ ಎಂದರೆ ಕಾಯ್ದೆಗೆ ಬಾಕಿ ಉಳಿಸಿಕೊಂಡ ಶಾಲೆ.

10. ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು. ಇದೂ ಕಾಯ್ದೆಯ ಮಾತೇ.

11. ಜನಗಣತಿ, ಚುನಾವಣೆ, ವಿಕೋಪ ಪರಿಹಾರ. ಈ ಮೂರನ್ನು ಬಿಟ್ಟು ಬೇರಾವ ಬೋಧನೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸುವಂತಿಲ್ಲ.

12. ಶಿಕ್ಷಕರ ವರ್ಗಾವಣೆಗೆಂದೇ ಕರ್ನಾಟಕ 2007ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಖಾಲಿ ಜಾಗಗಳ ಪಟ್ಟಿ ಎಲ್ಲರೆದುರು, ಸರದಿಯಂತೆ ಆಯ್ಕೆ. ಶಿಫಾರಸು ಪತ್ರ ಹಿಡಿದು ಅಲೆಯುವ ಕಷ್ಟವನ್ನು ಈ ಕೌನ್ಸೆಲಿಂಗ್ ಬಹಳಷ್ಟು ತಗ್ಗಿಸಿತು.

13. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಕಡ್ಡಾಯ. ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕ ಇರಲೇಬೇಕು. ಬೀರುವಿಗೆ ಬೀಗ ಬಿದ್ದಿದ್ದರೆ ದಯವಿಟ್ಟು ತೆಗೆಸಿ.

14. ಜನನ ಪ್ರಮಾಣಪತ್ರ ಇಲ್ಲವೆಂದು ಯಾವ ಮಗುವನ್ನೂ ಶಾಲೆಯಿಂದ ವಾಪಸು ಕಳಿಸುವಂತಿಲ್ಲ. ಗುಳೆ ಹೋಗುವ ಕುಟುಂಬಗಳಿಗೆ ಇದು ಗೊತ್ತಿರಲೇಬೇಕು.

15. ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ ಕರ್ನಾಟಕದ 1994ರ ನೀತಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ಒಪ್ಪಲಿಲ್ಲ. ಇನ್ನು ಕನ್ನಡ ಶಾಲೆ ಉಳಿಸುವ ದಾರಿ ಒಂದೇ: ತಂದೆತಾಯಿ ತಾವಾಗಿ ಮಕ್ಕಳನ್ನು ಕರೆತರುವಷ್ಟು ಚೆನ್ನಾಗಿ ಅದನ್ನು ನಡೆಸುವುದು.

16. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿತು. ಕನಿಷ್ಠ 5ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಕೆ, ದ್ವಿಭಾಷಾ ಸೂತ್ರ, 2+8+4 ವರ್ಷಗಳ ವ್ಯವಸ್ಥೆ ಅದರ ಮುಖ್ಯ ಶಿಫಾರಸುಗಳು. ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ.

17. ಕಿತ್ತಳೆ ಹಣ್ಣಿನ ಬೆಲೆಯನ್ನು ವಿದೇಶಿಯರಿಗೆ ಹೇಳಲಾಗದೆ ನೊಂದ ಹರೇಕಳ ಹಾಜಬ್ಬ, ಬುಟ್ಟಿ ಹೊತ್ತು ಗಳಿಸಿದ ಹಣ ಕೂಡಿಟ್ಟು, ಕಚೇರಿಗಳಿಗೆ ಅಲೆದು ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದರು. ಅವರು ಕಟ್ಟಿಸಿದ್ದು ಸರ್ಕಾರಿ ಶಾಲೆ, ಎಲ್ಲರ ಶಾಲೆ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

18. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, 2001ರಲ್ಲಿ ಬಂತು. ಅದಕ್ಕೆ ದಾರಿ ತೋರಿದ ಕಾರ್ಯಪಡೆಯ ಅಧ್ಯಕ್ಷರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ! ಶಿಕ್ಷಣ ಹಕ್ಕು ಕಾಯ್ದೆಯಂತೆ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿ ಅಥವಾ ಪೋಷಕರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು.

19. ಆ ಸಮಿತಿ ಬರೆದುಕೊಡುವ ಶಾಲಾಭಿವೃದ್ಧಿ ಯೋಜನೆಯೇ ಸರ್ಕಾರದ ಯೋಜನೆ ಮತ್ತು ಅನುದಾನಕ್ಕೆ ಆಧಾರವಾಗಬೇಕು ಎನ್ನುತ್ತದೆ ಕಾಯ್ದೆ. ಇನ್ನೊಬ್ಬ ಶಿಕ್ಷಕರು ಬೇಕು, ಸೋರುವ ಮಾಡು ರಿಪೇರಿ ಆಗಬೇಕು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬೇಕು ಎಂದು ಅಲ್ಲಿ ಬರೆಸುವ ಹಕ್ಕು ಕೂಲಿಗೆ ಹೋಗುವ ತಾಯಿಗೂ ಇದೆ.

ಎಚ್.ಡಿ. ಕೋಟೆಯ ಮೇಷ್ಟ್ರುಗಳು, ನ್ಯೂಪಡ್ಪುವಿನ ಹಾಜಬ್ಬ ಬೇರೆ ಯಾರೋ ಮಾಡಲಿ ಎಂದು ಕಾಯಲಿಲ್ಲ. ಈ ವಾರ ನಿಮ್ಮೂರ ಶಾಲೆಗೆ ಹೋಗಿ, ಮುಂದಿನ ಎಸ್‌ಡಿಎಂಸಿ ಸಭೆ ಯಾವತ್ತು ಎಂದು ಕೇಳಿ ಬನ್ನಿ.